ವಾಟ್ಸಾಪ್‌ನಲ್ಲಿ ಫೋಟೊ ಬದಲು ಅವತಾರ್ ಹಾಕಿದರೆ ಸಾಕೇ?

ಪ್ರಶ್ನೆ: ಕೊಡಗಿನ ಕಕ್ಕಬ್ಬೆಯಲ್ಲಿ ಹೋಂಸ್ಟೇ ನಡೆಸುತ್ತೇವೆ. ಕಾಲ ಕೆಟ್ಟಿದೆ ಅಂತ ಮಗಳು ನನ್ನ ವಾಟ್ಸಾಪ್ ಫೋಟೊ ತೆಗೆದು ಕಾರ್ಟೂನ್ ಅವತಾರ್ ಹಾಕಿಕೊಟ್ಟಿದ್ದಾಳೆ. ಇದು ಸುರಕ್ಷಿತವೇ? ಬುಕಿಂಗ್ ಕೇಳುವವರು ನಂಬುತ್ತಾರಾ?

ಉತ್ತರ: ಮಗಳು ಹೇಳಿದ್ದರಲ್ಲಿ ಅರ್ಧ ನಿಜ. ಮುಖದ ಚಿತ್ರವೇ ಇಲ್ಲದಿದ್ದರೆ ಅದನ್ನು ಕದ್ದು ಇನ್ನೆಲ್ಲೋ ಅಂಟಿಸಲು ಆಗುವುದಿಲ್ಲ. ಆದರೆ ನಿಮ್ಮ ನಂಬರ್, ಹೆಸರು, ಸ್ಟೇಟಸ್ ಎಲ್ಲ ಮೊದಲಿದ್ದ ಹಾಗೆಯೇ ಇವೆ.

ವಾಟ್ಸಾಪ್‌ಗೆ ಈ ಸೌಲಭ್ಯ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಕಣ್ಣು, ಕೂದಲು, ಬಟ್ಟೆ ಆರಿಸಿ ಗೊಂಬೆ ಮಾಡಿಕೊಳ್ಳಬಹುದು. (ಬೆನ್ನ ಕಡೆ ನೆರಿಗೆ ಹಿಡಿಯುವ ಕೊಡವ ಸೀರೆ ಅದರಲ್ಲಿ ಸಿಕ್ಕರೂ ಏನು ಪ್ರಯೋಜನ, ಎದೆಮಟ್ಟದ ಚಿತ್ರದಲ್ಲಿ ನೆರಿಗೆ ಕಾಣಬೇಕಲ್ಲ!) ನೆಂಟರು, ಗೆಳೆಯರ ಜೊತೆ ಹರಟೆಗೆ ಇದು ಚೆನ್ನ. ವ್ಯವಹಾರಕ್ಕೆ ನನಗೆ ಅಷ್ಟು ಹಿಡಿಸುವುದಿಲ್ಲ. ಬೆಂಗಳೂರಿನಿಂದ ಮುಂಗಡ ಕಳಿಸುವವರಿಗೆ ನಿಮ್ಮ ಗೊಂಬೆಗೂ ಮೋಸಗಾರನ ಗೊಂಬೆಗೂ ವ್ಯತ್ಯಾಸ ತಿಳಿಯುವುದು ಹೇಗೆ? ಫೋಟೊ ಇದ್ದರೂ ಅದು ಕದ್ದದ್ದಾಗಿರಬಹುದು ಅನ್ನುವುದು ಬೇರೆ ಮಾತು.

ಸಾಧ್ಯವಾದರೆ ನಂಬರ್ ಎರಡು ಮಾಡಿ. ಮನೆಯ ನಂಬರಿಗೆ ಅವತಾರ್ ಇರಲಿ. ಬುಕಿಂಗ್ ನಂಬರಿಗೆ ವಾಟ್ಸಾಪ್ ಬಿಸಿನೆಸ್ (ವ್ಯಾಪಾರಿಗಳಿಗೆಂದೇ ಇರುವ ಆ್ಯಪ್) ಹಾಕಿ, ಮುಖದ ಬದಲು ಮನೆಯದೋ ಅಂಗಳದ್ದೋ ಚಿತ್ರ ಇಟ್ಟು ವಿಳಾಸ, ಮ್ಯಾಪ್ ಲೊಕೇಶನ್ ಸೇರಿಸಿ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಪ್ರೊಫೈಲ್ ಫೋಟೊವನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಸೀಮಿತ ಮಾಡಿದ್ದರೆ, ಮೊದಲ ಸಲ ವಿಚಾರಿಸುವ ಪ್ರವಾಸಿಗರಿಗೆ ಬರೀ ಖಾಲಿ ವೃತ್ತ ಕಾಣುತ್ತದೆ. ಬುಕಿಂಗ್ ನಂಬರಿನಲ್ಲಿ ಅದು ‘ಎವ್ರಿಒನ್’ ಇರಬೇಕು, ಮನೆಯ ನಂಬರಿನಲ್ಲಿ ಬೇಡ.

ನಂಬಿಕೆಯ ಪ್ರಶ್ನೆ ನಿಜವಾಗಿ ತೀರ್ಮಾನವಾಗುವುದು ಹಣ ಕಳಿಸುವಾಗ. ಯುಪಿಐನಲ್ಲಿ ಪಾವತಿಗೆ ಮೊದಲು ಖಾತೆದಾರರ ಹೆಸರು ಕಾಣುತ್ತದೆ. ‘ಇಂಥ ಹೆಸರು ಬರುತ್ತದೆ, ಬೇರೆ ಬಂದರೆ ಕಳಿಸಬೇಡಿ’ ಎಂದು ನೀವೇ ಮೊದಲು ಬರೆದುಬಿಡಿ. ಯಾವ ಪ್ರೊಫೈಲ್ ಚಿತ್ರಕ್ಕಿಂತಲೂ ಇದು ಹೆಚ್ಚು ಧೈರ್ಯ ಕೊಡುತ್ತದೆ.

ಒಂದು ತಮಾಷೆಯ ಸಂಗತಿ. ಸಂಶೋಧಕರಾದ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಚುವಲ್ ಲೋಕದೊಳಗೆ ಎತ್ತರದ ಅವತಾರ್ ಪಡೆದವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಬಿಗಿಯಾಗಿದ್ದರು. ಗೊಂಬೆ ನೋಡುವವರನ್ನು ಮಾತ್ರವಲ್ಲ, ಹಾಕಿಕೊಂಡವರನ್ನೂ ಬದಲಿಸುತ್ತದಂತೆ. ವಾಟ್ಸಾಪ್‌ನ ಪುಟ್ಟ ವೃತ್ತದಿಂದ ರೂಮಿನ ದರ ಏರೀತು ಅಂತ ಮಾತ್ರ ಆಸೆಪಡಬೇಡಿ. ಆ ಅಧ್ಯಯನದಲ್ಲಿ ಜನ ಹೆಡ್‌ಸೆಟ್ ತೊಟ್ಟು ಆ ದೇಹದೊಳಗೇ ಇದ್ದರು.

ಯಾರಾದರೂ ನಿಮ್ಮ ಹೆಸರು, ಮನೆಯ ಚಿತ್ರ ಬಳಸಿ ಮುಂಗಡ ಪಡೆದರೆ ಅದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಕಲಮಿನಡಿ ಅಪರಾಧ: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಬ್ಲಾಕ್ ಮಾಡುವ ಮೊದಲು ಮೋಸಗಾರನ ನಂಬರ್, ಪ್ರೊಫೈಲ್, ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.