ಜಿಲ್ಲಾ ಪುಟದಿಂದ ಜಿಲ್ಲಾ ಪಂಚಾಯಿತಿ ಮರೆಯಾದ ಬಗೆ

ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು, ಮುಂದಿನ ಚುನಾವಣೆ ಮಾತ್ರ ಮುಂದಕ್ಕೆ ಹೋಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ಹೈಕೋರ್ಟು ಅಂತ ಸುದ್ದಿ ಎಷ್ಟು ಗೋಜಲಾಯಿತೆಂದರೆ, ಓದುಗರು ತಲೆಬರಹ ನೋಡಿ ಪುಟ ತಿರುಗಿಸತೊಡಗಿದರು. ಈ ಗೋಜಲಿನಲ್ಲಿ ಪತ್ರಿಕೆಗಳ ಕತೆಯೂ ಸೇರಿಕೊಂಡಿದೆ.

1843ರ ಮಂಗಳೂರ ಸಮಾಚಾರದಿಂದ ಹಿಡಿದು ಮಡಿಕೇರಿಯ ಶಕ್ತಿ, ಮೈಸೂರಿನ ಆಂದೋಲನ, ದಾವಣಗೆರೆಯ ಜನತಾವಾಣಿವರೆಗೆ ಕನ್ನಡ ಪತ್ರಿಕೆಗಳು ಊರ ಸುದ್ದಿಯನ್ನು ನಂಬಿಯೇ ಬದುಕಿದವು. ಆದರೆ ಜಿಲ್ಲೆಯ ರಾಜಕಾರಣ ಅಂದರೆ ಬಹುಕಾಲ ಶಾಸಕರ ರಾಜಕಾರಣವೇ ಆಗಿತ್ತು.

ಅದನ್ನು ಬದಲಿಸಿದ್ದು 1987. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ (ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು) ತಂದ ಕಾಯ್ದೆಯಂತೆ ಜಿಲ್ಲಾ ಪರಿಷತ್ತು (ಆಗಿನ ಜಿಲ್ಲಾ ಪಂಚಾಯಿತಿ), ಹಳ್ಳಿಗಳ ಗುಂಪಿಗೊಂದರಂತೆ ಇದ್ದ ಮಂಡಲ ಪಂಚಾಯಿತಿಗಳಿಗೆ ಚುನಾವಣೆಯಾಯಿತು. ಮಹಿಳೆಯರಿಗೆ ಶೇ 25 ಮೀಸಲು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ.

ವರದಿಗಾರರಿಗೆ ಸಿಕ್ಕ ದೊಡ್ಡ ಲಾಭ ಬೇರೆಯೇ ಇತ್ತು. ಅದು ಸಾಮಾನ್ಯ ಸಭೆ. ಶಾಲೆಯ ಚಾವಣಿ ಸೋರುತ್ತಿದೆ, ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ, ಕೊಳವೆಬಾವಿಗೆ ಬಿಲ್ ಆಗಿದೆ ಆದರೆ ನೀರಿಲ್ಲ ಅಂತ ಸದಸ್ಯರು ಎದ್ದು ನಿಂತು ಕೇಳುತ್ತಿದ್ದರು. ಅಧಿಕಾರಿಗಳು ಕಡತ ಹಿಡಿದುಕೊಂಡು ಉತ್ತರ ಹೇಳಬೇಕಿತ್ತು. ಹಿಂದಿನ ಸಭೆಯ ಅನುಪಾಲನಾ ವರದಿ (ಆ ಸಭೆಯ ತೀರ್ಮಾನಗಳಂತೆ ಏನೇನು ಮಾಡಿದ್ದೇವೆ ಎಂಬ ಅಧಿಕಾರಿಗಳ ವರದಿ) ಸುಳ್ಳೆಂದು ಜಗಳ, ಆಮೇಲೆ ಸಭಾತ್ಯಾಗ. ಒಂದು ಮೂಲೆಯಲ್ಲಿ ಕೂತರೆ ವಾರಕ್ಕಾಗುವಷ್ಟು ಸುದ್ದಿ. ಯಾರ ಹತ್ತಿರವೂ ಗುಟ್ಟು ಕೇಳಬೇಕಿರಲಿಲ್ಲ, ಯಾರ ಋಣವೂ ಇರಲಿಲ್ಲ.

1992ರಲ್ಲಿ ಆ ಸಂಸ್ಥೆಗಳು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳ ಕೈಗೆ ಹೋದವು. ಹಾಗಾಗಿ 2021ರ ನಂತರ ಆಡಳಿತಾಧಿಕಾರಿಗಳು ಬಂದದ್ದು ಹೊಸದೇನಲ್ಲ. 1993ರ ಹೊಸ ಕಾಯ್ದೆ ಬಂದು, 1995ರಲ್ಲಿ ಮತ್ತೆ ಚುನಾವಣೆಯಾಗಿ ಸಭೆಗಳು ಶುರುವಾದವು.

1999ರಲ್ಲಿ ವಿಜಯ ಕರ್ನಾಟಕ ಬಂದ ಮೇಲೆ ಪೈಪೋಟಿ ಏರಿತು. ಊರೂರಿಗೆ ಆವೃತ್ತಿ, ಜಿಲ್ಲೆಗೊಂದು ಪುಟ. ಜಾಗ ಜಾಸ್ತಿಯಾಯಿತು, ತಾಲ್ಲೂಕಿನ ಅರೆಕಾಲಿಕ ವರದಿಗಾರರ ಸಂಬಳ ಮಾತ್ರ ಅಷ್ಟಕ್ಕಷ್ಟೆ. ಅನೇಕರಿಗೆ ಜಾಹೀರಾತಿನ ಕಮಿಷನ್ನೇ ಆಸರೆ. ಚುನಾವಣೆ ಬಂದರೆ ಅಭ್ಯರ್ಥಿಯೇ ಸುದ್ದಿ, ಅಭ್ಯರ್ಥಿಯೇ ಜಾಹೀರಾತುದಾರ. ಗೆದ್ದ ಮೇಲೆ ಅಭಿನಂದನೆಯ ಜಾಹೀರಾತು. ಅವರನ್ನೇ ಕೆಣಕಿ ಬರೆಯುವುದು ಹೇಗೆ, ಅಲ್ವಾ? ಕಾಸಿಗಾಗಿ ಸುದ್ದಿ (ಹಣ ಪಡೆದು ಪ್ರಚಾರವನ್ನೇ ಸುದ್ದಿಯಂತೆ ಅಚ್ಚು ಹಾಕುವುದು) ದೇಶದ ತುಂಬ ಚರ್ಚೆಯಾಗಿ, 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯೂ ವರದಿ ಕೊಟ್ಟಿತು. ಅದರಲ್ಲಿ ಹೆಚ್ಚಾಗಿ ಕಂಡದ್ದು ಲೋಕಸಭೆ, ವಿಧಾನಸಭೆ ಚುನಾವಣೆ. ತಾಲ್ಲೂಕಿನ ಸಣ್ಣ ಲೆಕ್ಕಾಚಾರ ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ.

2021ರಲ್ಲಿ ಕ್ಷೇತ್ರ ವಿಂಗಡಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಹಿಂದುಳಿದ ವರ್ಗಗಳ ಮೀಸಲಾತಿಗೆ ಮೊದಲು ಅಧ್ಯಯನ ಆಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಎರಡೂ ಸೇರಿ ಚುನಾವಣೆ ಮುಂದಕ್ಕೆ ಹೋಯಿತು. ಆಡಳಿತಾಧಿಕಾರಿ ಬಂದರು, ಸದಸ್ಯರ ಸಭೆ ನಿಂತಿತು. ಸಚಿವರು ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆ ಉಳಿಯಿತು. ಅಲ್ಲಿ ಹಳ್ಳಿಯಿಂದ ಗೆದ್ದು ಬಂದ ಜಿಲ್ಲಾ ಪಂಚಾಯಿತಿ ಸದಸ್ಯರಿಲ್ಲ. ಉಳಿದದ್ದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪತ್ರಿಕಾ ಪ್ರಕಟಣೆ.

2021ರ ನಂತರ ಕೆಲಸಕ್ಕೆ ಸೇರಿದ ವರದಿಗಾರರಿಗೆ ಸಾಮಾನ್ಯ ಸಭೆಯಲ್ಲಿ ಕೂತು ಬರೆಯುವ ಅವಕಾಶವೇ ಸಿಗಲಿಲ್ಲ. ಅವರಿಗೆ ಜಿಲ್ಲಾ ಪಂಚಾಯಿತಿ ಸುದ್ದಿ ಎಂದರೆ ಮೀಸಲಾತಿ ಪಟ್ಟಿ, ಆಕಾಂಕ್ಷಿಗಳ ಹೆಸರು, ಜಾತಿ ಲೆಕ್ಕ, ಮುಂದಿನ ವಿಚಾರಣೆಯ ದಿನಾಂಕ.