ರಾಕ್ ಡ್ರಮ್ಮರ್‌ಗಳು ಬಡ್ಡಿ ರಿಚ್ ಹೆಸರಿಗೆ ಯಾಕೆ ಕೈ ಮುಗೀತಾರೆ?

ಸ್ಟೀವ್ ಗ್ಯಾಡ್, ಡೇವ್ ವೆಕ್ಲ್, ವಿನ್ನಿ ಕೊಲಾಯೂಟಾ ಮೂರೂ ಜನ ಒಂದೇ ಸ್ಟೇಜ್ ಮೇಲೆ ಸಾಲಾಗಿ ಕೂತು ಒಬ್ರಾದ್ಮೇಲೆ ಒಬ್ರು ಸೋಲೋ ಹೊಡೆಯೋ ವಿಡಿಯೋ ಇದೆಯಲ್ಲ, ಡ್ರಮ್ಸ್ ಕಲಿಯೋರು ಅದನ್ನ ಒಂದಲ್ಲ ಒಂದು ಸಲ ನೋಡೇ ಇರ್ತಾರೆ. ಆದ್ರೆ ಅದು ಯಾವ ಕಾರ್ಯಕ್ರಮ, ಯಾರ ನೆನಪಿಗೆ ಮಾಡಿದ್ದು, ಹಿಂದೆ ಕೂತಿರೋ ಆ ದೊಡ್ಡ ಬ್ಯಾಂಡ್ ಯಾರದ್ದು ಅಂತ ಕೇಳಿದ್ರೆ ತುಂಬಾ ಜನಕ್ಕೆ ಗೊತ್ತಿರಲ್ಲ. 1989ರ ಅಕ್ಟೋಬರಲ್ಲಿ ಲಾಸ್ ಏಂಜಲೀಸ್‌ನ ವಿಲ್ಟರ್ನ್ ಥಿಯೇಟರಲ್ಲಿ ನಡೆದದ್ದು ಅದು, ಬಡ್ಡಿ ರಿಚ್ ಮೆಮೋರಿಯಲ್ ಸ್ಕಾಲರ್‌ಶಿಪ್ ಕಾನ್ಸರ್ಟ್. ಅಮೆರಿಕದ ಜಾಝ್ ಡ್ರಮ್ಮರ್ ಬಡ್ಡಿ ತೀರ್ಕೊಂಡು ಎರಡೂವರೆ ವರ್ಷ ಆಗಿತ್ತು, ಮಗಳು ಕ್ಯಾಥಿ ರಿಚ್ ಅಪ್ಪನ ಬ್ಯಾಂಡನ್ನ ಮತ್ತೆ ಕೂರಿಸಿ, ಅಪ್ಪ ಕೂರ್ತಿದ್ದ ಜಾಗಕ್ಕೆ ಬೇರೆ ಬೇರೆ ಡ್ರಮ್ಮರ್‌ಗಳನ್ನ ಕರೆಸಿದ್ಲು. ಅಲ್ಲಿಂದ ಶುರುವಾದ ಪರಂಪರೆ ಇದು, ಹೆಚ್ಚುಕಡಿಮೆ ಮೂವತ್ತು ವರ್ಷ ನಡ್ಕೊಂಡು ಬಂತು.

ವಿಚಿತ್ರ ಏನಂದ್ರೆ ಈ ಬಡ್ಡಿ ರಿಚ್‌ಗೆ ರಾಕ್ ಮ್ಯೂಸಿಕ್ ಕಂಡ್ರೆ ಆಗ್ತಿರಲಿಲ್ಲ, ಟಿವಿ ಶೋಗಳಲ್ಲಿ ಕೂತು ರಾಕ್ ಬ್ಯಾಂಡ್‌ಗಳನ್ನ ಮುಖಕ್ಕೆ ಹೊಡೆದ ಹಾಗೆ ಬೈತಿದ್ದ. ಅಂಥವನ ಹೆಸರಲ್ಲಿ ರಷ್ ಬ್ಯಾಂಡಿನ ನೀಲ್ ಪಿಯರ್ಟ್, ಜೆನೆಸಿಸ್‌ನ ಫಿಲ್ ಕಾಲಿನ್ಸ್, ರೆಡ್ ಹಾಟ್ ಚಿಲಿ ಪೆಪರ್ಸ್‌ನ ಚಾಡ್ ಸ್ಮಿತ್, ಗನ್ಸ್ ಎನ್ ರೋಸಸ್‌ನ ಮ್ಯಾಟ್ ಸೋರಮ್, ಇವರೆಲ್ಲಾ ಬಂದು ನುಡಿಸಿದ್ದಾರೆ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಬಡ್ಡಿ ಹುಟ್ಟಿದ್ದು 1917ರ ಸೆಪ್ಟೆಂಬರ್ 30ಕ್ಕೆ, ನ್ಯೂಯಾರ್ಕ್‌ನ ಬ್ರೂಕ್ಲಿನಲ್ಲಿ. ಅಪ್ಪ ಅಮ್ಮ ಇಬ್ರೂ ವಾಡ್‌ವಿಲ್ ಕಲಾವಿದರು, ಅಂದ್ರೆ ಊರೂರು ಸುತ್ತಿ ಹಾಡು, ಡ್ಯಾನ್ಸು, ಹಾಸ್ಯ ಎಲ್ಲ ಸೇರಿಸಿ ಶೋ ಕೊಡೋ ಕಂಪನಿಯವರು. ಮಗು ಇನ್ನೂ ಸರಿಯಾಗಿ ಮಾತು ಕಲಿಯೋಕ್ಮುಂಚೆ ತಾಳ ಹಾಕೋದು ಕಲ್ತಿದ್ದ, ಎರಡು ವರ್ಷ ತುಂಬೋದ್ರೊಳಗೆ ಸ್ಟೇಜ್ ಹತ್ತಿದ್ದ, ಹೆಸರು ‘ಟ್ರ್ಯಾಪ್ಸ್ ದ ಡ್ರಮ್ ವಂಡರ್’. ಹನ್ನೊಂದನೇ ವಯಸ್ಸಿಗೆ ತಾನೇ ಒಂದು ಬ್ಯಾಂಡ್ ಲೀಡ್ ಮಾಡ್ತಿದ್ದ. ಪಾಠ ಅಂತ ಯಾರ ಹತ್ರಾನೂ ಕೂತು ಕಲೀಲಿಲ್ಲ, ನೋಟೇಶನ್ ಓದೋಕೂ ಬರ್ತಿರಲಿಲ್ಲ, ಕೊನೇವರೆಗೂ. ಹೊಸ ಅರೇಂಜ್‌ಮೆಂಟ್, ಅಂದ್ರೆ ಯಾವ ವಾದ್ಯ ಎಲ್ಲಿ ಏನು ನುಡಿಸ್ಬೇಕು ಅಂತ ಬರೆದಿಟ್ಟದ್ದು, ಬಂದ್ರೆ ರಿಹರ್ಸಲಲ್ಲಿ ಇನ್ನೊಬ್ಬ ಡ್ರಮ್ಮರ್ ಓದ್ಕೊಂಡು ನುಡಿಸ್ತಿದ್ದ, ಬಡ್ಡಿ ಮುಂದೆ ಕೂತು ಕೇಳ್ತಿದ್ದ, ಆಮೇಲೆ ತಾನು ಹೋಗಿ ಕೂತ್ರೆ ಮುಗೀತು, ಟ್ರಂಪೆಟ್ ಎಲ್ಲಿ ಏಳುತ್ತೆ, ಟ್ರೊಂಬೋನ್ ಎಲ್ಲಿ ಕಟ್ ಆಗುತ್ತೆ ಎಲ್ಲಾ ತಲೇಲಿ ಕೂತಿರ್ತಿತ್ತು.

1930ರ ದಶಕದ ಕೊನೇಲಿ ಅವನು ಬಿಗ್ ಬ್ಯಾಂಡ್‌ಗಳಿಗೆ, ಅಂದ್ರೆ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್ ಎಲ್ಲ ಸೇರಿದ ದೊಡ್ಡ ಜಾಝ್ ತಂಡಗಳಿಗೆ ಬಂದ, ಬನ್ನಿ ಬೆರಿಗನ್, ಆರ್ಟಿ ಶಾ, ಆಮೇಲೆ 1939ರಲ್ಲಿ ಟಾಮಿ ಡಾರ್ಸಿ. ಡಾರ್ಸಿ ಬ್ಯಾಂಡಲ್ಲಿ ಹಾಡೋಕೆ ಬಂದ ಫ್ರ್ಯಾಂಕ್ ಸಿನಾತ್ರಾಗೂ ಇವನಿಗೂ ದಿನಾ ಜಗಳ, ಕೈಕೈ ಮಿಲಾಯಿಸೋವರೆಗೂ ಹೋಗಿತ್ತು, ಆದ್ರೆ ಯುದ್ಧ ಮುಗಿದ್ಮೇಲೆ ಬಡ್ಡಿ ಸ್ವಂತ ಬ್ಯಾಂಡ್ ಕಟ್ಟಬೇಕು ಅಂದಾಗ ದುಡ್ಡು ಕೊಟ್ಟವನೂ ಅದೇ ಸಿನಾತ್ರಾ. ಆ ಬ್ಯಾಂಡ್ ಬಹಳ ದಿನ ನಡೀಲಿಲ್ಲ, ಬಿಗ್ ಬ್ಯಾಂಡ್ ಕಾಲಾನೇ ಮುಗೀತಾ ಬಂದಿತ್ತು. ಆದ್ರೆ ಬಡ್ಡಿಗೆ ಕೆಲಸ ಯಾವತ್ತೂ ಕಮ್ಮಿ ಆಗ್ಲಿಲ್ಲ: 1950ರಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಜೊತೆ ರೆಕಾರ್ಡಿಂಗ್, 1952ರಲ್ಲಿ ಕಾರ್ನೆಗೀ ಹಾಲಲ್ಲಿ ಜೀನ್ ಕ್ರುಪಾ ಜೊತೆ ಡ್ರಮ್ ಬ್ಯಾಟಲ್, 1959ರಲ್ಲಿ ಮ್ಯಾಕ್ಸ್ ರೋಚ್ ಜೊತೆ ಇನ್ನೊಂದು. ಕ್ರುಪಾ ಅಂದ್ರೆ ಡ್ರಮ್ಮರನ್ನ ಹಿಂದಿನ ಸಾಲಿಂದ ಸ್ಟಾರ್ ಮಾಡಿದ ಮನುಷ್ಯ, ಅವನೇ ಬಡ್ಡಿ ತನಗಿಂತ ದೊಡ್ಡವನು ಅಂತ ಒಪ್ಕೊಂಡಿದ್ದ.

ನನಗೆ ಅವನ ಜೀವನದಲ್ಲಿ ಎಲ್ಲಕ್ಕಿಂತ ಧೈರ್ಯದ ಕೆಲಸ ಅನ್ಸೋದು 1966ರಲ್ಲಿ ಮಾಡಿದ್ದು. ಬೀಟಲ್ಸ್ ಇಡೀ ಜಗತ್ತನ್ನ ಆವರಿಸ್ಕೊಂಡಿದ್ದ ಕಾಲ, ಎಲೆಕ್ಟ್ರಿಕ್ ಗಿಟಾರ್ ಹಿಡ್ಕೊಂಡ ನಾಲ್ಕು ಹುಡುಗರಿದ್ರೆ ಬ್ಯಾಂಡ್ ಆಗ್ತಿತ್ತು, ಅಂಥಾ ಟೈಮಲ್ಲಿ ಹ್ಯಾರಿ ಜೇಮ್ಸ್ ಬ್ಯಾಂಡಲ್ಲಿ ಒಳ್ಳೇ ಸಂಬಳದ ಕೆಲಸ ಬಿಟ್ಟು, ಸುಮಾರು ಹದಿನೈದು ಜನರ ಬಿಗ್ ಬ್ಯಾಂಡ್ ಕಟ್ಕೊಂಡು ಹೊರಟ. ಎಲ್ಲಾ ಹುಡುಗರು, ಕೆಲವರು ಕಾಲೇಜಿಂದ ಆಗಷ್ಟೇ ಬಂದೋರು. ಆ ವರ್ಷದ ರೆಕಾರ್ಡಲ್ಲೇ ಬಿಲ್ ರೆಡ್ಡಿ ಅರೇಂಜ್ ಮಾಡಿದ ‘ವೆಸ್ಟ್ ಸೈಡ್ ಸ್ಟೋರಿ’ ಮೆಡ್ಲಿ (ಹಲವು ಹಾಡುಗಳನ್ನ ಜೋಡಿಸಿದ ಪೀಸು) ಇರೋದು. ಹತ್ತು ನಿಮಿಷದ ಆ ಪೀಸನ್ನ ಒಂದ್ಸಲ ಡ್ರಮ್ಸ್ ಮೇಲೇ ಕಿವಿ ಇಟ್ಟು ಕೇಳಿ. ಟೆಂಪೋ ಬದಲಾಗುತ್ತೆ, ತಾಳ ಬದಲಾಗುತ್ತೆ, ಟ್ರಂಪೆಟ್, ಟ್ರೊಂಬೋನಿನವರು ಒಂದು ಜೋರಾದ ಹಿಟ್ ಹೊಡೆಯೋಕೆ ಅರ್ಧ ಬೀಟ್ ಮುಂಚೆ ಬಡ್ಡಿಯ ಸ್ನೇರ್, ಅಂದ್ರೆ ಡ್ರಮ್ಮರ್ ಎದುರಿಗೇ ಇರೋ ಚಟಪಟ ಸದ್ದಿನ ಡ್ರಮ್, ಅವರನ್ನ ಎತ್ತಿ ಕೊಡುತ್ತೆ, ಆ ಹಿಟ್ ಬಿದ್ದ ತಕ್ಷಣ ರೈಡ್ ಸಿಂಬಲ್ (ಲಯ ಹಿಡಿಯೋ ದೊಡ್ಡ ಲೋಹದ ತಟ್ಟೆ) ಏನೂ ಆಗಿಲ್ಲ ಅನ್ನೋ ಥರ ಮತ್ತೆ ಓಡ್ತಿರುತ್ತೆ. ಕೊನೇಲಿ ಬರೋ ಸೋಲೋ ಎಲ್ಲರಿಗೂ ನೆನಪಿರುತ್ತೆ, ಸ್ನೇರ್ ಮೇಲೆ ಪಿಸುಮಾತಿನಷ್ಟು ಸಣ್ಣದಾಗಿ ಶುರುವಾಗೋ ರೋಲ್ ಮೆಲ್ಲಗೆ ಏರ್ತಾ ಏರ್ತಾ ಇಡೀ ಹಾಲ್ ತುಂಬೋದು. ಆದ್ರೆ ಅದಕ್ಕಿಂತ ಕಷ್ಟದ್ದು ಅದರ ಮುಂಚಿನ ಭಾಗ.

ಮೃದಂಗ ಕೇಳಿ ಅಭ್ಯಾಸ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ತನಿ ಆವರ್ತನಕ್ಕೆ ಚಪ್ಪಾಳೆ ಜಾಸ್ತಿ ಬೀಳಬಹುದು, ಆದ್ರೆ ಬಲ್ಲವರು ವಿದ್ವಾಂಸನನ್ನ ಅಳೆಯೋದು ಕೃತಿಗೆ ಅವನು ಹೇಗೆ ನುಡಿಸಿದ ಅನ್ನೋದ್ರಲ್ಲಿ. ಬಿಗ್ ಬ್ಯಾಂಡ್ ಡ್ರಮ್ಮಿಂಗ್ ಕೂಡ ಹಾಗೇನೇ, ಹದಿನೈದು ಜನ ಒಟ್ಟಿಗೆ ಉಸಿರಾಡೋ ಹಾಗೆ ಮಾಡೋದು ಡ್ರಮ್ಮರ್ ಕೆಲಸ. ರಾಕಲ್ಲಿ ಭಾರ ಎಲ್ಲಾ ಬೇಸ್ ಡ್ರಮ್ ಮತ್ತೆ ಸ್ನೇರಿನ ಬ್ಯಾಕ್‌ಬೀಟ್ (ಎರಡನೇ ನಾಲ್ಕನೇ ಬೀಟಿನ ಜೋರು ಪೆಟ್ಟು) ಮೇಲೆ ಕೂರುತ್ತೆ, ಸ್ವಿಂಗಲ್ಲಿ, ಅಂದ್ರೆ ಬಿಗ್ ಬ್ಯಾಂಡ್ ಜಾಝಿನ ತೂಗೋ ನಡೆಯಲ್ಲಿ, ಲಯ ಓಡೋದು ಬಲಗೈಯ ರೈಡ್ ಸಿಂಬಲ್ ಮೇಲೆ, ಎಡಗಾಲು ಹೈ-ಹ್ಯಾಟನ್ನ (ಪೆಡಲ್ ತುಳಿದ್ರೆ ಮುಚ್ಚೋ ಜೋಡಿ ಸಿಂಬಲ್) ಎರಡನೇ ನಾಲ್ಕನೇ ಬೀಟಿಗೆ ಮುಚ್ತಾ ಇರುತ್ತೆ, ಬೇಸ್ ಡ್ರಮ್ ಕೇಳಿಸೀ ಕೇಳಿಸದ ಹಾಗೆ ಇರುತ್ತೆ. ವರ್ಷಗಟ್ಲೆ ರಾಕ್ ಹೊಡೆದವನ ಮೈಯೇ ಬೇರೆ ಥರ ಪಳಗಿರುತ್ತೆ, ಸ್ಪೀಡ್ ಇದ್ದ ಮಾತ್ರಕ್ಕೆ ಸ್ವಿಂಗ್ ಬರಲ್ಲ.

ಅದೇ ಹೊತ್ತಲ್ಲಿ, 1968ರಲ್ಲಿ, ಬಡ್ಡಿ ನಮ್ಮ ತಬಲಾ ಉಸ್ತಾದ್ ಅಲ್ಲಾ ರಖಾ ಅವರ ಜೊತೆ ‘ರಿಚ್ ಆ ಲಾ ರಖಾ’ ಅಂತ ಒಂದು ಆಲ್ಬಂ ಮಾಡಿದ. ದಾದ್ರಾ ತಾಳದಲ್ಲಿ ಇಬ್ಬರದ್ದೂ ಒಂದು ಜುಗಲ್‌ಬಂದಿ ಇದೆ ಅದರಲ್ಲಿ. ಯಾರೂ ಯಾರನ್ನೂ ಸೋಲಿಸೋಕೆ ಹೋಗಲ್ಲ, ಸುಮ್ನೆ ಕೇಳ್ಕೊಂಡು ನುಡಿಸ್ತಾರೆ. ಬಡ್ಡಿ ಬಗ್ಗೆ ಬರೆಯೋರು ಇದನ್ನ ಒಂದು ಸಾಲಲ್ಲಿ ದಾಟಿ ಹೋಗ್ತಾರೆ, ನನಗೆ ಅದು ಬೇಜಾರು.

ಅವನ ಸಿಟ್ಟಿನ ವಿಷ್ಯ ಮುಚ್ಚಿಡೋಕಾಗಲ್ಲ. ಶೋ ಸರಿಯಾಗಿ ಆಗ್ಲಿಲ್ಲ ಅಂದ್ರೆ ಟೂರ್ ಬಸ್ಸಲ್ಲಿ ಬ್ಯಾಂಡಿನ ಹುಡುಗರನ್ನ ಹಿಗ್ಗಾಮುಗ್ಗಾ ಬೈತಿದ್ದ, ಯಾರೋ ಕದ್ದು ರೆಕಾರ್ಡ್ ಮಾಡಿದ ಟೇಪುಗಳು ಇವತ್ತೂ ಓಡಾಡ್ತಿವೆ. ಅದು ಕ್ರೌರ್ಯಾನೇ, ಶಿಸ್ತು ಅಂತ ಹೆಸರಿಟ್ಟು ಸಮರ್ಥಿಸ್ಕೊಳ್ಳೋದು ಬೇಡ. ಆದ್ರೆ ತನ್ನ ಮೈಗೂ ಅವನು ಕರುಣೆ ತೋರಿಸಲಿಲ್ಲ, 1959ರಲ್ಲಿ ಹಾರ್ಟ್ ಅಟ್ಯಾಕ್ ಆಯ್ತು, 1983ರಲ್ಲಿ ಬೈಪಾಸ್ ಆಯ್ತು, ಪ್ರತಿ ಸಲಾನೂ ಬೇಗನೇ ವಾಪಸ್ ಬಂದು ಕೂತ. 1987ರ ಏಪ್ರಿಲ್ 2ಕ್ಕೆ ಲಾಸ್ ಏಂಜಲೀಸಲ್ಲಿ, ಮೆದುಳಿನ ಗಡ್ಡೆಗೆ ಆಪರೇಷನ್ ಆದ್ಮೇಲೆ ತೀರ್ಕೊಂಡ. ವಯಸ್ಸು 69.

ಈಗ ಕ್ಯಾಥಿಯ ಕಾನ್ಸರ್ಟುಗಳಿಗೆ ಬರೋಣ. 1989ರದ್ದರಲ್ಲಿ ಲೂಯಿ ಬೆಲ್ಸನ್, ಡೆನಿಸ್ ಚೇಂಬರ್ಸ್, ಗ್ರೆಗ್ ಬಿಸೋನೆಟ್ ಕೂಡ ಇದ್ರು, ಹೆಚ್ಚಿನವರು ಜಾಝ್, ಫ್ಯೂಷನ್, ಸ್ಟುಡಿಯೋ ಹಿನ್ನೆಲೆಯವರು. ದಿಕ್ಕು ಬದಲಾಗಿದ್ದು 1991ರಲ್ಲಿ. ಏಪ್ರಿಲ್ 8ಕ್ಕೆ ನ್ಯೂಯಾರ್ಕ್‌ನ ರಿಟ್ಜಲ್ಲಿ ನಡೆದ ಕಾರ್ಯಕ್ರಮಕ್ಕೆ ಕ್ಯಾಥಿ ನೀಲ್ ಪಿಯರ್ಟನ್ನ ಕರೆದ್ಲು. ಪಿಯರ್ಟ್ ಅಂದ್ರೆ ಆಗಲೇ ರಾಕ್ ಡ್ರಮ್ಮರ್‌ಗಳ ದೇವರು, ಅವನ ಸೋಲೋ ಕೇಳೋಕಂತಲೇ ಜನ ಸ್ಟೇಡಿಯಂಗೆ ಬರ್ತಿದ್ರು. ಚಿಕ್ಕ ವಯಸ್ಸಲ್ಲಿ ಜೀನ್ ಕ್ರುಪಾ ಜೀವನದ ಸಿನಿಮಾ ನೋಡಿ ಡ್ರಮ್ಸ್ ಹುಚ್ಚು ಹಿಡಿಸ್ಕೊಂಡಿದ್ದವನು, ಹಾಗಾಗಿ ಬಿಗ್ ಬ್ಯಾಂಡ್ ಅವನಿಗೆ ಹಳೇ ಆಸೆ. ಆದ್ರೆ ರಿಹರ್ಸಲ್‌ಗೆ ಟೈಮ್ ಸಿಕ್ಕಿದ್ದು ತೀರಾ ಕಮ್ಮಿ, ಅದ್ರ ಮೇಲೆ ಒಂದು ಪೀಸನ್ನ ಅವನು ಕಲ್ತು ಬಂದಿದ್ದ ಅರೇಂಜ್‌ಮೆಂಟೇ ಬೇರೆ, ಬ್ಯಾಂಡ್ ನುಡಿಸೋ ಅರೇಂಜ್‌ಮೆಂಟೇ ಬೇರೆ. ಜನ ಚಪ್ಪಾಳೆ ಹೊಡೆದ್ರು, ಅವನಿಗೆ ಮಾತ್ರ ಸಮಾಧಾನ ಆಗ್ಲಿಲ್ಲ.

ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೇ ಬಿಟ್ಟು ತಮ್ಮ ಬ್ಯಾಂಡಿಗೆ ವಾಪಸ್ ಹೋಗಿರೋರು. ಪಿಯರ್ಟ್ ಏನು ಮಾಡಿದ ಅಂದ್ರೆ ಬಡ್ಡಿ ರಿಚ್ ಸಂಗೀತಕ್ಕೆ ಒಂದು ಪೂರ್ತಿ ಟ್ರಿಬ್ಯೂಟ್ ಆಲ್ಬಂ ತಾನೇ ಪ್ರೊಡ್ಯೂಸ್ ಮಾಡೋಕೆ ಹೊರಟ. 1994ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಪವರ್ ಸ್ಟೇಷನ್ ಸ್ಟುಡಿಯೋಲಿ ಬಡ್ಡಿ ಬ್ಯಾಂಡನ್ನ ಕೂರಿಸಿ ಡ್ರಮ್ಮರ್‌ಗಳನ್ನ ಒಬ್ಬೊಬ್ಬರಾಗಿ ಕರೆಸಿದ್ರು: ಮ್ಯಾಕ್ಸ್ ರೋಚ್, ಜೋ ಮೊರೆಲ್ಲೋ, ಎಡ್ ಶಾನೆಸ್ಸಿ ಥರದ ಹಿರಿಯರು, ಬಿಲ್ಲಿ ಕಾಬಮ್, ಗ್ಯಾಡ್, ವೆಕ್ಲ್, ಬಿಲ್ ಬ್ರುಫರ್ಡ್, ಸೈಮನ್ ಫಿಲಿಪ್ಸ್, ಕೆನ್ನಿ ಅರೊನಾಫ್, ಸೋರಮ್, ಹೀಗೆ. ‘ಬರ್ನಿಂಗ್ ಫಾರ್ ಬಡ್ಡಿ’ ಅಂತ ಮೊದಲನೇದು 1994ರಲ್ಲೇ ಬಂತು, ಎರಡನೇದು 1997ರಲ್ಲಿ. ಒಂದು ಕಾಲದಲ್ಲಿ ಬಡ್ಡಿ ಎದುರು ಕೂತು ಡ್ರಮ್ ಬ್ಯಾಟಲ್ ಮಾಡಿದ ರೋಚೂ, ಹಾರ್ಡ್ ರಾಕ್ ಹೊಡೆಯೋ ಸೋರಮ್ಮೂ ಒಂದೇ ಆಲ್ಬಮಲ್ಲಿ ಇರೋದು ಇನ್ನೆಲ್ಲೂ ಕಾಣಿಸಲ್ಲ.

ಇದಕ್ಕಿಂತ ದೊಡ್ಡ ಘಟನೆ ಆ ಸ್ಟುಡಿಯೋಲಿ ಆಗಿದ್ದು ಬೇರೆ. ಜರ್ನಿ ಬ್ಯಾಂಡಲ್ಲಿ ರಾಕ್ ಹೊಡೆದು ಹೆಸರು ಮಾಡಿದ್ದ ಸ್ಟೀವ್ ಸ್ಮಿತ್ ಬಂದು ನುಡಿಸಿದಾಗ ಪಿಯರ್ಟ್ ದಂಗಾಗಿಬಿಟ್ಟ, ಇವನು ಮುಂಚೆ ಇಷ್ಟು ಸಲೀಸಾಗಿ ನುಡಿಸ್ತಿರಲಿಲ್ವಲ್ಲ ಅಂತ. ಏನಪ್ಪಾ ಗುಟ್ಟು ಅಂತ ಕೇಳಿದ್ರೆ ಫ್ರೆಡ್ಡಿ ಗ್ರೂಬರ್ ಅನ್ನೋ ಮೇಷ್ಟ್ರ ಹತ್ರ ಕಲೀತಿದ್ದೀನಿ ಅಂದ. ಗ್ರೂಬರ್ ಬಡ್ಡಿಯ ಹಳೇ ಗೆಳೆಯ. ಪಿಯರ್ಟ್ ಸೀದಾ ಹೋಗಿ ಅವನ ಶಿಷ್ಯ ಆದ. ಸುಮಾರು ಮೂವತ್ತು ವರ್ಷ ನುಡಿಸಿದವನು, ಕೋಟ್ಯಂತರ ರೆಕಾರ್ಡ್ ಮಾರಿದ ಬ್ಯಾಂಡಿನವನು, ಸ್ಟೂಲಿನ ಎತ್ತರದಿಂದ ಹಿಡಿದು ಕಡ್ಡಿ ಹಿಡಿಯೋವರೆಗೂ ಎಲ್ಲಾ ಬದಲಾಯಿಸ್ಕೊಂಡ, ಎಡಗೈಗೆ ಟ್ರೆಡಿಷನಲ್ ಗ್ರಿಪ್ ತಂದ, ಅಂದ್ರೆ ಹೆಗಲಿಗೆ ಡ್ರಮ್ ಓರೆಯಾಗಿ ನೇತು ಹಾಕ್ಕೊಂಡು ಮಾರ್ಚ್ ಮಾಡ್ತಿದ್ದ ಕಾಲದ ಹಿಡಿತ, ಅಂಗೈ ಮೇಲಾಗಿ ಕಡ್ಡಿ ಹೆಬ್ಬೆರಳ ಬುಡದಲ್ಲಿ ಕೂರೋದು, ಬಡ್ಡಿ ಜೀವನಪೂರ್ತಿ ಹಿಡಿದಿದ್ದೂ ಹಾಗೇ. ಕಡ್ಡಿ ಡ್ರಮ್ಮಿಗೆ ತಾಗೋದಕ್ಕಿಂತ ಎರಡು ಪೆಟ್ಟಿನ ನಡುವೆ ಗಾಳೀಲಿ ಕೈ ಹೇಗೆ ಓಡುತ್ತೆ ಅನ್ನೋದು ಮುಖ್ಯ ಅಂತ ಗ್ರೂಬರ್ ಹೇಳ್ಕೊಡ್ತಿದ್ದ. ರಷ್‌ನ 1996ರ ‘ಟೆಸ್ಟ್ ಫಾರ್ ಎಕೋ’ ಆಲ್ಬಮಲ್ಲಿ ಆ ಬದಲಾವಣೆ ಕೇಳಿಸುತ್ತೆ. ನನ್ನ ಪ್ರಕಾರ ಬಡ್ಡಿಗೆ ಸಂದ ನಿಜವಾದ ಗೌರವ ಇದೇ. ಎಲ್ಲರೂ ಅವನ ಸ್ಪೀಡನ್ನ ಹೊಗಳ್ತಾರೆ, ಪಿಯರ್ಟ್ ಅವನ ಹಾಗೆ ಬ್ಯಾಂಡಿಗೆ ನುಡಿಸೋದನ್ನ ಕಲಿಯೋಕೆ ನಲವತ್ತು ದಾಟಿದ್ಮೇಲೆ ಮತ್ತೆ ಒಂದನೇ ಪಾಠಕ್ಕೆ ಕೂತ.

ಫಿಲ್ ಕಾಲಿನ್ಸ್ ದಾರಿ ಸ್ವಲ್ಪ ಬೇರೆ. 90ರ ದಶಕದಲ್ಲಿ ಪಾಪ್ ಸ್ಟಾರ್ ಆಗಿ ಉತ್ತುಂಗದಲ್ಲಿದ್ದಾಗಲೇ ಒಂದು ಬಿಗ್ ಬ್ಯಾಂಡ್ ಕಟ್ಟಿ, ಮೈಕ್ ಬಿಟ್ಟು ಡ್ರಮ್ಸ್ ಹಿಂದೆ ಹೋಗಿ ಕೂತ, 1998ರಲ್ಲಿ ಡೆನಿಸ್ ಚೇಂಬರ್ಸ್, ಸ್ಟೀವ್ ಸ್ಮಿತ್ ಜೊತೆ ಬಡ್ಡಿ ನೆನಪಿನ ಕಾರ್ಯಕ್ರಮದಲ್ಲೂ ನುಡಿಸಿದ. ಹಾಡು ಕೇಳೋಕೆ ಬಂದ ಅಭಿಮಾನಿಗಳಿಗೆ ನಿರಾಸೆ ಆಗಿರಬಹುದು, ಆದ್ರೂ ಮಾಡಿದ.

ಪಿಯರ್ಟ್ ಅಲ್ಲಿಗೂ ನಿಲ್ಲಿಸಲಿಲ್ಲ. ರಷ್ 2002ರಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ಶೋ ಕೊಟ್ಟಾಗ ಅವನ ಸೋಲೋ ಮುಗಿದಿದ್ದು ಕೌಂಟ್ ಬೇಸಿಯ ‘ಒನ್ ಓ ಕ್ಲಾಕ್ ಜಂಪ್’ ಮೇಲೆ, ರಾಕ್ ಕೇಳೋಕೆ ಬಂದಿದ್ದ ಸ್ಟೇಡಿಯಂ ಜನಕ್ಕೆ ಅವನು ಸ್ವಿಂಗ್ ನುಡಿಸಿದ್ದನ್ನ ರೆಕಾರ್ಡಿಂಗಲ್ಲಿ ನೋಡಬಹುದು. 2007ರಲ್ಲಿ ಕ್ಯಾಥಿ ಮತ್ತೆ ಒಂದು ಕಾನ್ಸರ್ಟ್ ಮಾತೆತ್ತಿದಾಗ ಈ ಸಲ ಪಿಯರ್ಟ್ ಜಾಝ್ ಡ್ರಮ್ಮರ್ ಪೀಟರ್ ಅರ್ಸ್ಕಿನ್ ಹತ್ರ ಪಾಠಕ್ಕೆ ಸೇರ್ಕೊಂಡ. 2008ರ ಅಕ್ಟೋಬರ್ 18ಕ್ಕೆ ನ್ಯೂಯಾರ್ಕ್‌ನ ಹ್ಯಾಮರ್‌ಸ್ಟೀನ್ ಬಾಲ್‌ರೂಮಲ್ಲಿ ಚಾಡ್ ಸ್ಮಿತ್, ಟೆರಿ ಬೋಜಿಯೋ, ಜಾನ್ ಬ್ಲ್ಯಾಕ್‌ವೆಲ್, ಟಾಮಿ ಐಗೋ, ಅರ್ಸ್ಕಿನ್ ಎಲ್ಲಾ ಇದ್ದ ಕಾರ್ಯಕ್ರಮದಲ್ಲಿ, 56ನೇ ವಯಸ್ಸಲ್ಲಿ, ಮತ್ತೆ ಆ ಬ್ಯಾಂಡಿನ ಹಿಂದೆ ಕೂತ. 2020ರ ಜನವರಿಯಲ್ಲಿ ಅವನೂ ಮೆದುಳಿನ ಕ್ಯಾನ್ಸರಲ್ಲಿ ಹೋದ.

ಒಂದು ಮಾತು ಹೇಳ್ಲೇಬೇಕು. ಈ ಟ್ರಿಬ್ಯೂಟುಗಳಲ್ಲಿ ಪೋಸ್ಟರ್ ಮೇಲೆ ಬರೋದು ಡ್ರಮ್ಮರ್ ಹೆಸರು ಮಾತ್ರ, ಹಾಡಿಗೊಬ್ಬರು ಬಂದು ಹೋಗ್ತಾರೆ, ಆದ್ರೆ ಕೂತ ಜಾಗ ಬಿಡದೆ ಎಲ್ಲರಿಗೂ ನುಡಿಸೋದು ಆ ಬ್ಯಾಂಡಿನವರು. ಸ್ಟೀವ್ ಮಾರ್ಕಸ್ ಅನ್ನೋ ಸ್ಯಾಕ್ಸೊಫೋನ್ ವಾದಕ ಬಡ್ಡಿ ಬದುಕಿರೋವರೆಗೂ ಜೊತೇಲಿದ್ದ, ಬಡ್ಡಿ ಸತ್ತ ಮೇಲೂ ಆ ಸಂಗೀತ ಬಿಡಲಿಲ್ಲ, ಸ್ಟೀವ್ ಸ್ಮಿತ್ ಜೊತೆ ‘ಬಡ್ಡೀಸ್ ಬಡ್ಡೀಸ್’ ಅಂತ ಸಣ್ಣ ಗುಂಪಲ್ಲಿ ನುಡಿಸ್ದ, 2005ರಲ್ಲಿ ತೀರ್ಕೊಂಡ. ಬಡ್ಡಿ ಕೈಲಿ ಬೈಸ್ಕೊಂಡ ಹುಡುಗರಲ್ಲಿ ಎಷ್ಟೋ ಜನ ಹೀಗೆ ಅವನ ಅರೇಂಜ್‌ಮೆಂಟುಗಳನ್ನ ಜೀವಂತ ಇಟ್ಟವರು, ಅವರ ಹೆಸರುಗಳೂ ಪೋಸ್ಟರ್ ಮೇಲೆ ಬರಬೇಕಿತ್ತು.

ಸ್ಟೀವ್ ಸ್ಮಿತ್ ಆಮೇಲೆ ನಮ್ಮ ಕಡೆಗೂ ಬಂದ. ಕೊನ್ನಕೋಲ್ ಕಲ್ತ, ಸ್ಟೇಜ್ ಮೇಲೆ ಬಾಯಲ್ಲಿ ಜತಿ ಹೇಳಿ ಅದನ್ನೇ ಡ್ರಮ್ಸ್ ಮೇಲೆ ನುಡಿಸ್ತಾನೆ, ಕರ್ನಾಟಕ ಸಂಗೀತವನ್ನ ಗಿಟಾರಲ್ಲಿ ನುಡಿಸೋ ಪ್ರಸನ್ನ ಜೊತೆ, ಜಾರ್ಜ್ ಬ್ರೂಕ್ಸ್ ಸ್ಯಾಕ್ಸೊಫೋನ್ ಸೇರಿಸಿ ‘ರಾಗ ಬಾಪ್ ಟ್ರಿಯೋ’ ಅಂತಾನೂ ಮಾಡಿದ. ಬಡ್ಡಿ ಬ್ಯಾಂಡಿಗೆ ನುಡಿಸಿದ ಅದೇ ಕೈ, ಎಡಗೈಯಲ್ಲಿ ಅದೇ ಟ್ರೆಡಿಷನಲ್ ಗ್ರಿಪ್, ಬಾಯಲ್ಲಿ ತಕಧಿಮಿ ತಕಜುಣು.