‘ಬ್ಲೂ ಮೂನ್’ ಅಂದರೆ ತಿಂಗಳ ಎರಡನೇ ಹುಣ್ಣಿಮೆಯೇ?

ಪ್ರಶ್ನೆ: ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೇನು? ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬರುವುದರಿಂದ ಈ ಮಾತು ಹುಟ್ಟಿತಂತೆ, ಹೌದೇ?

ಉತ್ತರ: ಅರ್ಥ ಸುಲಭ. ತೀರಾ ಅಪರೂಪಕ್ಕೆ, ನಾವು ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ ಅನ್ನುತ್ತೇವಲ್ಲ, ಹಾಗೆ. ಹುಟ್ಟಿನ ಕತೆ ಮಾತ್ರ ಸುಳ್ಳು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಇಸವಿ ಸಮೇತ ಕೇಳಿ.

ಈ ನುಡಿಗಟ್ಟು 19ನೇ ಶತಮಾನದ ಇಂಗ್ಲಿಷ್ ಬರಹಗಳಲ್ಲೇ ಸಿಗುತ್ತದೆ. ತಿಂಗಳ ಎರಡನೇ ಹುಣ್ಣಿಮೆಗೆ ಆ ಹೆಸರು ಅಂಟಿದ್ದು 1946ರಲ್ಲಿ. ಅಮೆರಿಕದ ಮೇನ್ ರಾಜ್ಯದ ರೈತರ ಪಂಚಾಂಗದಲ್ಲಿ ಲೆಕ್ಕ ಬೇರೆಯೇ ಇತ್ತು: ಒಂದು ಋತುವಿನ ಮೂರು ತಿಂಗಳಿಗೆ ಸಾಮಾನ್ಯವಾಗಿ ಮೂರು ಹುಣ್ಣಿಮೆ, ಎಂದಾದರೂ ನಾಲ್ಕು ಬಂದರೆ ಅದರಲ್ಲಿ ಮೂರನೆಯದು ಬ್ಲೂ ಮೂನ್. ಜೇಮ್ಸ್ ಹ್ಯೂ ಪ್ರೂಯೆಟ್ ಎಂಬವರು ಇದನ್ನು ತಪ್ಪಾಗಿ ಓದಿಕೊಂಡು, ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ತಿಂಗಳ ಎರಡನೇ ಹುಣ್ಣಿಮೆ ಎಂದು ಬರೆದರು. 1999ರಲ್ಲಿ ಪತ್ರಿಕೆಯೇ ತಪ್ಪು ಒಪ್ಪಿಕೊಂಡಿತು. ಅಷ್ಟರಲ್ಲಿ ಆ ತಪ್ಪು ಊರೆಲ್ಲ ಸುತ್ತಿ ಬಂದಿತ್ತು. 1946ರ ಅರ್ಥದಿಂದ ಅದಕ್ಕೂ ಹಳೆಯ ಮಾತು ಹುಟ್ಟಿತು ಅನ್ನುವುದು, ಮಗ ಅಪ್ಪನನ್ನು ಹೆತ್ತ ಅಂದ ಹಾಗೆ.

ಇನ್ನೂ ಒಂದು. ತಿಂಗಳಿಗೆ ಎರಡು ಹುಣ್ಣಿಮೆ ಎರಡು–ಮೂರು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ನುಡಿಗಟ್ಟಿಗೆ ಅಂಥ ಯಾವ ಲೆಕ್ಕವೂ ಇಲ್ಲ.

ಬಳಸುವಾಗ ‘ಎ’ ಬಿಡಬೇಡಿ, ‘ಒನ್ಸ್ ಇನ್ ಬ್ಲೂ ಮೂನ್’ ತಪ್ಪು. ಆಗಾಗ್ಗೆ ಅಲ್ಲದಿದ್ದರೂ ಮರಳಿ ಮರಳಿ ನಡೆಯುವ ಸಂಗತಿಗೆ ಮಾತ್ರ ಇದು ಹೊಂದುತ್ತದೆ: ‘ಹಿ ಕಾಲ್ಸ್ ಮಿ ಒನ್ಸ್ ಇನ್ ಎ ಬ್ಲೂ ಮೂನ್’. ಜೀವನದಲ್ಲಿ ಒಮ್ಮೆ ನಡೆದು ಮುಗಿದ ಘಟನೆಗೆ ಒಗ್ಗದು. ಜೊತೆಗೆ ‘ರೇರ್ಲಿ’ ಸೇರಿಸಿದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ವರದಿ, ಅರ್ಜಿಗಳಲ್ಲಿ ಬರೀ ‘ರೇರ್ಲಿ’ ಸಾಕು.

ಹಾಗಾದರೆ ಚಂದ್ರ ನಿಜಕ್ಕೂ ನೀಲಿಯಾಗುವುದುಂಟೇ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಉಂಟು, ಆದರೆ ಅದಕ್ಕೂ ಹುಣ್ಣಿಮೆಯ ಎಣಿಕೆಗೂ ಸಂಬಂಧವಿಲ್ಲ. 1883ರಲ್ಲಿ ಇಂಡೋನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ ಹಾಗೆ ಕಂಡಿತ್ತು. 1950ರಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ಬ್ರಿಟನ್ ತಲುಪಿದಾಗಲೂ ಕಂಡಿತು. ಗಾಳಿಯಲ್ಲಿನ ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದು, ಆ ಗಾತ್ರ ಸುಮಾರು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ, ಅವು ಕೆಂಪು ಬೆಳಕನ್ನು ಚದುರಿಸಿ ನೀಲಿಯನ್ನು ಹಾಯಗೊಡುತ್ತವೆ. ಕಣಗಳು ಇನ್ನೂ ಸಣ್ಣವಾದರೆ ಚಂದ್ರ ಕೆಂಪಾಗುತ್ತಾನೆ, ಸಾಮಾನ್ಯವಾಗಿ ಹೊಗೆಯಲ್ಲಿ ಕಾಣುವುದು ಅದೇ. ಪ್ರತಿ ‘ಬ್ಲೂ ಮೂನ್’ ರಾತ್ರಿ ನಿಮ್ಮ ಮೊಬೈಲಿಗೆ ಬರುವ ಕಡುನೀಲಿ ಚಂದ್ರ ಮಾತ್ರ ಬಣ್ಣ ತಿದ್ದಿದ ಫೋಟೋ.